ಹತ್ತಿ ಊರಿನ ಸಿಸ್ಟರ್: ರಾಕ್ ಸಂಗೀತಕ್ಕೆ ದಾರಿ ಹಾಕಿಕೊಟ್ಟ ರೊಸೆಟ್ಟಾ ಥಾರ್ಪ್

ನಾವು ಹೋಗಬೇಕಾಗಿರೋದು ಅಮೆರಿಕಕ್ಕೆ, ಆದರೆ ಹೊರಡೋದು ಮಾತ್ರ ನಮ್ಮ ಬಿಳಿಚೋಡಿನಿಂದ.

ಬಿಳಿಚೋಡು ಅಂದ್ರೆ ಜಗಳೂರು ತಾಲ್ಲೂಕಿನ ಹೋಬಳಿ ಊರು. ಈಗ ದಾವಣಗೆರೆ ಜಿಲ್ಲೆ, 1997ರ ತನಕ ಚಿತ್ರದುರ್ಗ ಜಿಲ್ಲೆ. ಮಳೆ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ ಅನ್ನೋ ಸೀಮೆ. ಶ್ರಾವಣದ ಸೋಮವಾರ ಗುಡಿಯಲ್ಲಿ ಭಜನೆ. ಹಾರ್ಮೋನಿಯಂ, ತಬಲಾ, ಮೈಕು ಮೂರೂ ಗಂಡಸರ ಕೈಯಲ್ಲಿ. ಹೆಂಗಸರು ಹಿಂದೆ ಕಂಬಕ್ಕೊರಗಿ ಕೂತು ಪಲ್ಲವಿ ಎತ್ತಿಕೊಡೋರು. ನಮ್ಮ ದೊಡ್ಡಮ್ಮನ ದನಿ ಮೈಕಿಲ್ಲದೇ ಬಸ್‌ಸ್ಟ್ಯಾಂಡಿನ ತನಕ ಕೇಳ್ತಿತ್ತು. ಆದರೂ ಭಜನಾ ಮಂಡಳಿಯ ಬೋರ್ಡಿನಲ್ಲಿ ಬರೆಸಿದ ಹೆಸರುಗಳಲ್ಲಿ ಆಕೆಯದು ಇರಲಿಲ್ಲ. ಇದು ಜಗಳದ ಮಾತಲ್ಲ, ಆಗ ಯಾರಿಗೂ ಅದು ಹೊಳೆದೇ ಇರಲಿಲ್ಲ ಅಷ್ಟೆ.

ಈಗ ಇನ್ನೊಂದು ಊರು. ಅಮೆರಿಕದ ಅರ್ಕನ್ಸಾ ರಾಜ್ಯದಲ್ಲಿ ಕಾಟನ್ ಪ್ಲಾಂಟ್ ಅಂತ ಒಂದು ಸಣ್ಣ ಊರಿದೆ. ಹೆಸರೇ ಹತ್ತಿ ಗಿಡ. ಕಪ್ಪು ಜನ ಹತ್ತಿ ಬಿಡಿಸಿ ಬದುಕುತ್ತಿದ್ದ ಆ ಊರಲ್ಲಿ 1915ರ ಮಾರ್ಚ್ 20ರಂದು ಒಂದು ಹೆಣ್ಣುಮಗು ಹುಟ್ಟಿತು. ತಾಯಿ ಕೇಟಿ ಬೆಲ್ ನ್ಯೂಬಿನ್ ಮ್ಯಾಂಡೊಲಿನ್ ಬಾರಿಸುತ್ತಾ ಊರೂರು ಸುತ್ತಿ ದೇವರ ಮಾತು ಹೇಳ್ತಿದ್ದ ಹೆಂಗಸು. ಅವರು ನಡೆದುಕೊಳ್ಳುತ್ತಿದ್ದದ್ದು 'ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್' ಅನ್ನೋ ಪಂಥಕ್ಕೆ. ಉಳಿದ ಚರ್ಚುಗಳಲ್ಲಿ ಗಂಭೀರವಾಗಿ ಕೂತು ಹಾಡಬೇಕು. ಇಲ್ಲಿ ಹಾಗಲ್ಲ. ಡ್ರಮ್ಮು, ತಮಟೆಯಂಥ ಟ್ಯಾಂಬರಿನ್, ಚಪ್ಪಾಳೆ, ಕಾಲು ಕುಟ್ಟೋದು, ಮೈದುಂಬಿ ಕುಣಿಯೋದು ಎಲ್ಲಾ ಉಂಟು. ನಮ್ಮ ಭಜನೆಯಲ್ಲಿ ಕೊನೆಯ ಹಾಡಿಗೆ ತಾಳ ಏರ್ತಾ ಏರ್ತಾ ಹೋಗಿ ಮುದುಕರೂ ಎದ್ದು ನಿಲ್ತಾರಲ್ಲ, ಆ ಥರ.

ಆರು ವರ್ಷಕ್ಕೇ ಆ ಹುಡುಗಿ ಗಿಟಾರ್ ಹಿಡಿದು ತಾಯಿಯ ಜೊತೆ ವೇದಿಕೆ ಹತ್ತುತ್ತಿದ್ದಳು. 1920ರ ದಶಕದಲ್ಲಿ ತಾಯಿ-ಮಗಳು ದಕ್ಷಿಣದ ಹತ್ತಿ ಹೊಲ ಬಿಟ್ಟು ಷಿಕಾಗೊಗೆ ಬಂದರು. ಆ ಕಾಲಕ್ಕೆ ಲಕ್ಷಾಂತರ ಕಪ್ಪು ಜನ ಹೀಗೇ ಉತ್ತರದ ಪಟ್ಟಣಗಳಿಗೆ ಗುಳೆ ಹೋದರು. ಗುಳೆ ಅನ್ನೋ ಪದ ಜಗಳೂರಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಷಿಕಾಗೊದಲ್ಲಿ ಚರ್ಚಿನ ಹೊರಗೆ ಬ್ಲೂಸ್, ಜಾಝ್ ಕಿವಿಗೆ ಬೀಳ್ತಿತ್ತು. ಕೈಯಲ್ಲಿದ್ದದ್ದು ದೇವರ ಹಾಡು, ಬೆರಳಿಗೆ ಹತ್ತಿದ್ದು ಬೀದಿಯ ಲಯ.

ಹತ್ತೊಂಬತ್ತಕ್ಕೆ ಥಾಮಸ್ ಥಾರ್ಪ್ ಅನ್ನೋ ಬೋಧಕನ ಜೊತೆ ಮದುವೆ. ಅದು ಬಾಳಲಿಲ್ಲ. ಗಂಡನನ್ನು ಬಿಟ್ಟಳು, ಹೆಸರಿನ ತುದಿಯನ್ನು ಮಾತ್ರ ಇಟ್ಟುಕೊಂಡಳು. 1938ರಲ್ಲಿ ತಾಯಿಯ ಜೊತೆ ನ್ಯೂಯಾರ್ಕಿಗೆ ಬಂದಾಗ ಆಕೆ ಸಿಸ್ಟರ್ ರೊಸೆಟ್ಟಾ ಥಾರ್ಪ್.

ಆ ವರ್ಷದ ಕೊನೆಯ ಮೂರು ತಿಂಗಳು ನೋಡಿ. ಅಕ್ಟೋಬರ್‌ನಲ್ಲಿ ಕಾಟನ್ ಕ್ಲಬ್ ಅನ್ನೋ ದುಬಾರಿ ನೈಟ್ ಕ್ಲಬ್ಬಿನ ವೇದಿಕೆ. ಮತ್ತೆ ಹತ್ತಿ ನೋಡಿ, ಈ ಹೆಂಗಸನ್ನು ಬಿಡಲೇ ಇಲ್ಲ. ಅಕ್ಟೋಬರ್ 31ಕ್ಕೆ ಡೆಕ್ಕಾ ಕಂಪನಿಗೆ ನಾಲ್ಕು ಹಾಡು ರೆಕಾರ್ಡ್. ಡಿಸೆಂಬರ್ 23ಕ್ಕೆ ಕಾರ್ನೆಗಿ ಹಾಲ್‌ನಲ್ಲಿ, ಜಾನ್ ಹ್ಯಾಮಂಡ್ ಏರ್ಪಡಿಸಿದ್ದ ದೊಡ್ಡ ಕಛೇರಿ. ಆಗ ಆಕೆಗೆ ವಯಸ್ಸು ಇಪ್ಪತ್ಮೂರು.

ಆ ನಾಲ್ಕು ಹಾಡುಗಳಲ್ಲಿ ಒಂದು 'ರಾಕ್ ಮಿ'. ಮೂಲದಲ್ಲಿ ಅದು ಥಾಮಸ್ ಡಾರ್ಸಿ ಬರೆದ ಭಕ್ತಿಗೀತೆ. ತಾಯಿ ಮಗುವನ್ನು ತೂಗೋ ಹಾಗೆ ದೇವರೇ ನನ್ನನ್ನು ತೂಗು ಅನ್ನೋ ಭಾವ. ರೊಸೆಟ್ಟಾ ಪದಗಳನ್ನು ಅಷ್ಟಿಷ್ಟು ಬದಲಾಯಿಸಿ, ಕ್ಲಬ್ಬಿನ ದೀಪದಲ್ಲಿ ನಿಂತು, ಗಿಟಾರ್ ತಂತಿ ಎಳೆದು ಹಾಡಿದಾಗ ಕೇಳಿದವರಿಗೆ ಆ 'ತೂಗು' ಬೇರೆಯೇ ಥರ ಕೇಳಿಸಿತು. ರಾಕ್ ಅನ್ನೋ ಪದ ಒಂದು ಸಂಗೀತದ ಹೆಸರಾಗೋದಕ್ಕೆ ಇನ್ನೂ ಎಷ್ಟೋ ವರ್ಷ ಇತ್ತು. ಅದರ ಎರಡೂ ಅರ್ಥಗಳನ್ನು ಒಂದೇ ಬಾಯಲ್ಲಿ ಹಿಡಿದವಳು ಈಕೆ.

ಚರ್ಚಿನ ಜನ ಸುಮ್ಮನಿರ್ತಾರಾ? ಸಿಟ್ಟಾದರು. ದೇವರ ಹಾಡನ್ನು ಹೆಂಡದ ಅಂಗಡಿಗೆ ಒಯ್ದಳು ಅಂತ. ನಮ್ಮಲ್ಲೂ ಭಜನೆಗೆ ಸಿನಿಮಾ ಧಾಟಿ ಹಚ್ಚಿದರೆ ಹಿರಿಯರು ಮುಖ ಸಿಂಡರಿಸ್ತಾರೆ. ಆದರೆ ಅಲ್ಲಿ ನಡೆದದ್ದು ಅದರ ತಿರುಗಾಮುರುಗಾ. ಆಮೇಲೆ ಲಕ್ಕಿ ಮಿಲ್ಲಿಂಡರ್ ಅನ್ನೋವನ ದೊಡ್ಡ ಬ್ಯಾಂಡಿನ ಜೊತೆ ಆಕೆ ಲೌಕಿಕ ಹಾಡುಗಳನ್ನೂ ಹಾಡಿದಳು. ಎರಡು ದೋಣಿ ಮೇಲೆ ಕಾಲಿಟ್ಟಳು ಅಂತ ಬರೆದವರಿದ್ದಾರೆ. ನನಗೆ ಹಾಗನ್ನಿಸಲ್ಲ. ಆಕೆಗೆ ಇದ್ದದ್ದು ಒಂದೇ ದೋಣಿ, ದಡದಲ್ಲಿ ನಿಂತವರಿಗೆ ಎರಡು ಕಾಣಿಸ್ತಿತ್ತು.

1944ರ ಸೆಪ್ಟೆಂಬರ್‌ನಲ್ಲಿ ರೆಕಾರ್ಡ್ ಮಾಡಿದ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ' ಇತಿಹಾಸಕಾರರು ಮತ್ತೆ ಮತ್ತೆ ಎತ್ತೋ ಹಾಡು. ಸ್ಯಾಮಿ ಪ್ರೈಸ್‌ನ ಪಿಯಾನೊ, ಡ್ರಮ್ಮು, ಬೇಸು, ಮೇಲೆ ಈಕೆಯ ಎಲೆಕ್ಟ್ರಿಕ್ ಗಿಟಾರ್. 1945ರಲ್ಲಿ ಇದು ಕಪ್ಪು ಜನರ ರೆಕಾರ್ಡುಗಳಿಗೆ ಅಂತ ಬೇರೆಯಾಗಿ ಇಟ್ಟಿದ್ದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಹೌದು, ಪಟ್ಟಿಯೂ ಬೇರೆ ಇತ್ತು, ಊರಲ್ಲಿ ಬಾವಿ ಬೇರೆ ಇದ್ದ ಹಾಗೆ. ಇದೇ ಮೊದಲ ರಾಕ್ ಅಂಡ್ ರೋಲ್ ರೆಕಾರ್ಡ್ ಅನ್ನೋವರಿದ್ದಾರೆ. ಮೊದಲನೆಯದು ಯಾವುದು ಅನ್ನೋ ವಾದ ಮುಗಿಯುವಂಥದ್ದಲ್ಲ, ಬಿಡಿ. ಎಲ್ವಿಸ್ ಪ್ರೀಸ್ಲಿ ಆಗ ಹತ್ತು ವರ್ಷದ ಹುಡುಗ ಅನ್ನೋದು ನೆನಪಿದ್ದರೆ ಸಾಕು.

ಹೆಸರಿತ್ತು, ದುಡ್ಡಿತ್ತು, ಆದರೆ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಹೋಟೆಲು ಕಪ್ಪು ಹೆಂಗಸಿಗೆ ಕೋಣೆ ಕೊಡ್ತಿರಲಿಲ್ಲ. ಹಾಗಾಗಿ ಮಲಗೋದಕ್ಕೂ ಆಗುವಂಥ ತನ್ನದೇ ಬಸ್ಸು ಮಾಡಿಕೊಂಡಳು. ಜೊತೆಗೆ ಹಾಡ್ತಿದ್ದ ಜಾರ್ಡನೇರ್ಸ್ ಅನ್ನೋ ಬಿಳಿ ಗಾಯಕರು ಹೋಟೆಲಿಗೆ ಹೋಗಿ ಊಟ ಕಟ್ಟಿಸಿಕೊಂಡು ಬರೋರು. ಮುಂದೆ ಎಲ್ವಿಸ್ ಹಿಂದೆ ನಿಂತು ಹಾಡಿದವರೂ ಇದೇ ಜಾರ್ಡನೇರ್ಸ್.

1947ರಲ್ಲಿ ಜಾರ್ಜಿಯಾದ ಮೇಕನ್ ಊರಲ್ಲಿ ಕಛೇರಿ. ಅಲ್ಲಿನ ಸಭಾಂಗಣದಲ್ಲಿ ಕೆಲಸ ಮಾಡ್ತಿದ್ದ ಹದಿನಾಲ್ಕು ವರ್ಷದ ಹುಡುಗನೊಬ್ಬ ಆಕೆಯ ಹಾಡು ಹಾಡಿ ತೋರಿಸಿದ. ರೊಸೆಟ್ಟಾ ಅವನನ್ನು ವೇದಿಕೆಗೆ ಹತ್ತಿಸಿದಳು, ಕೈಗೆ ದುಡ್ಡೂ ಕೊಟ್ಟಳು. ಆ ಹುಡುಗನೇ ಮುಂದೆ ಲಿಟಲ್ ರಿಚರ್ಡ್. ಅದೇ ಅರ್ಕನ್ಸಾದ ಹತ್ತಿ ಹೊಲದಲ್ಲಿ ಬೆಳೆದ ಇನ್ನೊಬ್ಬ ಹುಡುಗ ಜಾನಿ ಕ್ಯಾಶ್. ಚಿಕ್ಕಂದಿನ ಮೆಚ್ಚಿನ ಗಾಯಕಿ ಯಾರು ಅಂದರೆ ಅವನೂ ಈಕೆಯ ಹೆಸರನ್ನೇ ಹೇಳ್ತಿದ್ದ.

ಇನ್ನು ಮದುವೆ ಕಥೆ. ಇದನ್ನು ಬಿಟ್ಟರೆ ನೀವು ಬೈತೀರಿ. 1951ರ ಜುಲೈ 3. ವಾಷಿಂಗ್ಟನ್‌ನ ಗ್ರಿಫಿತ್ ಸ್ಟೇಡಿಯಂ, ಬೇಸ್‌ಬಾಲ್ ಆಡೋ ಮೈದಾನ. ರಸೆಲ್ ಮಾರಿಸನ್ ಅನ್ನೋವನ ಜೊತೆ ರೊಸೆಟ್ಟಾಳ ಮೂರನೇ ಮದುವೆ. ಟಿಕೆಟ್ ಇಟ್ಟರು! ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಟಿಕೆಟ್ ಕೊಂಡು ಬಂದರು. ಮಂತ್ರ ಮಾಂಗಲ್ಯ ಮುಗಿದ ಮೇಲೆ ಮದುಮಗಳು ಬಿಳಿ ಗೌನಿನಲ್ಲೇ ಗಿಟಾರ್ ನೇತುಹಾಕಿಕೊಂಡು ಹಾಡಿದಳು, ಕೊನೆಗೆ ಪಟಾಕಿ. ಡೆಕ್ಕಾ ಕಂಪನಿ ಇಡೀ ಮದುವೆಯನ್ನು ರೆಕಾರ್ಡ್ ಮಾಡಿ ಮಾರಿತು. ಸ್ಟೇಡಿಯಂ ಒಪ್ಪಂದಕ್ಕೆ ಸಹಿ ಬಿದ್ದಾಗ ವರ ಇನ್ನೂ ಗೊತ್ತಾಗಿರಲಿಲ್ಲ ಅಂತ ಆಕೆಯ ಜೀವನಚರಿತ್ರೆ ಬರೆದ ಗೇಲ್ ವಾಲ್ಡ್ ಹೇಳ್ತಾರೆ. ನಗು ಬರುತ್ತೆ. ಆದರೆ ಸ್ಟೇಡಿಯಂ ಸಂಗೀತ ಅಂತ ಈಗ ನಾವು ಅನ್ನೋದನ್ನು ಬೀಟಲ್ಸ್‌ಗಿಂತ ಹದಿನಾಲ್ಕು ವರ್ಷ ಮೊದಲು ಒಬ್ಬ ಕಪ್ಪು ಹೆಂಗಸು ಮಾಡಿ ತೋರಿಸಿದ್ದಳು.

ಅಲ್ಲಿಂದ ಇಳಿಜಾರು. ಐವತ್ತರ ದಶಕದ ಮೊದಲಲ್ಲಿ ಬ್ಲೂಸ್ ಹಾಡಿ ಮತ್ತೆ ಚರ್ಚಿನವರ ಮುನಿಸು ಕಟ್ಟಿಕೊಂಡಳು. ಭಕ್ತಿಸಂಗೀತದಲ್ಲಿ ಮಹೇಲಿಯಾ ಜಾಕ್ಸನ್ ಕಾಲ ಬಂತು. ಆಕೆ ನೈಟ್ ಕ್ಲಬ್ಬಿನ ಮೆಟ್ಟಿಲು ಹತ್ತದವಳು. ಇತ್ತ ಲೌಕಿಕದ ಕಡೆ, 1955–56ರ ಹೊತ್ತಿಗೆ, ಗಿಟಾರ್ ಹಿಡಿದು ಸೊಂಟ ಕುಣಿಸೋ ಗಂಡು ಹುಡುಗರ ಕಾಲ. ಆ ಹುಡುಗರ ಗಿಟಾರಿನಲ್ಲಿ ಈಕೆಯ ಬೆರಳಿನ ಗುರುತಿತ್ತು, ಪೋಸ್ಟರಿನಲ್ಲಿ ಈಕೆ ಇರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು ಅನ್ನಿಸುತ್ತೆ. ನಮ್ಮ ವಚನಕಾರ್ತಿಯರ ಹೆಸರು ಎಂಟುನೂರು ವರ್ಷ ಉಳಿದದ್ದು ಹೇಗೆ? ಅಂಕಿತದಿಂದ. ಸೂಳೆ ಸಂಕವ್ವೆಯದು ಸಿಕ್ಕಿರೋದು ಒಂದೇ ಒಂದು ವಚನ. ಆದರೂ ಒಳಗೆ ನಿರ್ಲಜ್ಜೇಶ್ವರ ಅನ್ನೋ ಅಂಕಿತ ಇದೆ, ಅದನ್ನು ಬೇರೆಯವರದು ಅನ್ನೋಕಾಗಲ್ಲ. ಬೀಸೋ ಕಲ್ಲಿನ ತ್ರಿಪದಿಗೆ ಅಂಕಿತ ಇಲ್ಲ, ಹಾಗಾಗಿ ಕಟ್ಟಿದ ಹೆಂಗಸರ ಹೆಸರೂ ಇಲ್ಲ. ನಮ್ಮ ಪಕ್ಕದ ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಹೆಸರು ನಮಗೆ ಗೊತ್ತಿರೋದು ಕೃಷ್ಣಮೂರ್ತಿ ಹನೂರರಂಥವರು ಎದುರು ಕೂತು ಆಕೆಯ ಹಾಡು ಬರೆದುಕೊಂಡದ್ದರಿಂದ. ರೊಸೆಟ್ಟಾಳ ಅಂಕಿತ ಇದ್ದದ್ದು ಮಾತಿನಲ್ಲಲ್ಲ, ತಂತಿ ಮೀಟೋ ರೀತಿಯಲ್ಲಿ. ಅದನ್ನು ಯಾರು ಬೇಕಾದರೂ ತಗೊಂಡು ಹೋಗಬಹುದಿತ್ತು, ತಗೊಂಡೂ ಹೋದರು.

1957ರಲ್ಲಿ ಕ್ರಿಸ್ ಬಾರ್ಬರ್ ಎಂಬ ಇಂಗ್ಲಿಷ್ ಜಾಝ್ ವಾದಕ ಆಕೆಯನ್ನು ಬ್ರಿಟನ್ನಿಗೆ ಕರೆಸಿದ. ತನ್ನ ದೇಶ ಮರೆತವಳನ್ನು ಅಲ್ಲಿನ ಹುಡುಗರು ಕಿವಿಗೊಟ್ಟು ಕೇಳಿದರು. 1964ರ ಮೇ 7ರಂದು ನಡೆದದ್ದಕ್ಕೆ ಟಿವಿ ಚಿತ್ರವೇ ಇದೆ. ಊರು ಮ್ಯಾಂಚೆಸ್ಟರ್. ದಾವಣಗೆರೆಯನ್ನು ನಾವು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದೆವಲ್ಲ, ಹತ್ತಿ ಗಿರಣಿಗಳು ನಡೀತಿದ್ದ ಕಾಲದಲ್ಲಿ, ಆ ಹೆಸರಿನ ಮೂಲ ಊರು. ಅಮೆರಿಕದ ಗುಲಾಮರು ಬಿಡಿಸಿದ ಹತ್ತಿ ನೂಲಾಗಿದ್ದೂ ಅಲ್ಲೇ. ರೈಲು ನಿಲ್ಲೋದು ಬಿಟ್ಟಿದ್ದ ವಿಲ್‌ಬ್ರಹಾಂ ರೋಡ್ ನಿಲ್ದಾಣವನ್ನು ಗ್ರನಾಡಾ ಟಿವಿಯವರು ಅಮೆರಿಕದ ದಕ್ಷಿಣದ ಹಳ್ಳಿ ಥರ ಸಿಂಗರಿಸಿದ್ದರು. ಕೋಳಿ, ಮೇಕೆ ಕೂಡ ತಂದು ಬಿಟ್ಟಿದ್ದರು. ಸ್ವಲ್ಪ ಅತಿಯಾಯ್ತು ಅನ್ನಿಸುತ್ತೆ ಈಗ ನೋಡಿದರೆ. ಹಳಿಯ ಒಂದು ಬದಿ ಪ್ರೇಕ್ಷಕರು, ಇನ್ನೊಂದು ಬದಿ ವೇದಿಕೆ.

ಮಳೆ ಶುರುವಾಯಿತು. ಕುದುರೆಗಾಡಿಯಿಂದ ಇಳಿದ ನಲವತ್ತೊಂಬತ್ತು ವರ್ಷದ ಹೆಂಗಸು, ಮೈಮೇಲೆ ದಪ್ಪ ಕೋಟು, ಒದ್ದೆ ಪ್ಲಾಟ್‌ಫಾರಂ ಮೇಲೆ ನಡೆದು ಬಂದು ಬಿಳಿ ಗಿಬ್ಸನ್ ಗಿಟಾರ್ ಕೊರಳಿಗೆ ಹಾಕಿಕೊಳ್ತಾಳೆ. ಎತ್ತಿಕೊಂಡ ಹಾಡು 'ಡಿಡಂಟ್ ಇಟ್ ರೇನ್'. ನೋಹನ ಕಾಲದ ಮಹಾಮಳೆಯ ಹಳೇ ಭಕ್ತಿಗೀತೆ. ನಡುವೆ ಗಿಟಾರ್ ಒಂದೇ ಮಾತಾಡೋ ಕಡೆ ಮುಖ ನೋಡಿ. ಸಂಕೋಚ ಇಲ್ಲ, ಯಾರನ್ನೂ ಮೆಚ್ಚಿಸೋ ಗೋಜಿಲ್ಲ, ಮನೆಯಂಗಳದಲ್ಲಿ ನಿಂತ ಹಾಗೆ ನಿಂತಿದ್ದಾಳೆ.

1968ರಲ್ಲಿ ತಾಯಿ ಹೋದಳು. 1970ರಲ್ಲಿ ಪಾರ್ಶ್ವವಾಯು, ಆಮೇಲೆ ಸಕ್ಕರೆ ಕಾಯಿಲೆಯಿಂದ ಒಂದು ಕಾಲನ್ನೇ ತೆಗೆಯಬೇಕಾಯಿತು. ಕಾಲಿಲ್ಲದೆಯೂ ಹಾಡಿದಳು. 1973ರ ಅಕ್ಟೋಬರ್ 9ರಂದು ಫಿಲಡೆಲ್ಫಿಯಾದಲ್ಲಿ ತೀರಿಕೊಂಡಾಗ ಐವತ್ತೆಂಟು. ನಾರ್ತ್‌ವುಡ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಮೇಲೆ ಕಲ್ಲಿಲ್ಲ, ಹೆಸರಿಲ್ಲ. ಇಪ್ಪತ್ತು ಸಾವಿರ ಜನ ಮದುವೆಗೆ ಬಂದಿದ್ದವಳ ಗೋರಿ ಯಾವುದು ಅಂತ ಹುಡುಕಬೇಕಾದ ಸ್ಥಿತಿ ಮೂವತ್ತೈದು ವರ್ಷ ಇತ್ತು. 2008ರಲ್ಲಿ ಅಭಿಮಾನಿಗಳು ಕಛೇರಿ ಇಟ್ಟು ದುಡ್ಡು ಕೂಡಿಸಿದ ಮೇಲೆ ಕಲ್ಲು ಬಂತು.

ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅನ್ನೋ ಗೌರವ ಮೊದಲು ಕೊಟ್ಟದ್ದು 1986ರಲ್ಲಿ. ಎಲ್ವಿಸ್, ಚಕ್ ಬೆರ್ರಿ, ಲಿಟಲ್ ರಿಚರ್ಡ್ ಎಲ್ಲರೂ ಮೊದಲ ಪಂಕ್ತಿಯಲ್ಲೇ ಕೂತರು. ಆ ವರ್ಷ ಒಬ್ಬ ಹೆಣ್ಣುಮಗಳೂ ಇಲ್ಲ. 1992ರಲ್ಲಿ ಜಾನಿ ಕ್ಯಾಶ್ ಸರದಿ. ಅವನು ತನ್ನ ಭಾಷಣದಲ್ಲಿ ರೊಸೆಟ್ಟಾಳ ಹೆಸರು ಹೇಳಿದ. ಆಕೆಯ ಸರದಿ ಬಂದದ್ದು 2018ಕ್ಕೆ. ಆಕೆ ವೇದಿಕೆ ಹತ್ತಿಸಿದ್ದ ಹುಡುಗನಿಗಿಂತ ಮೂವತ್ತೆರಡು ವರ್ಷ ತಡವಾಗಿ, ಸತ್ತು ನಲವತ್ತೈದು ವರ್ಷಕ್ಕೆ, ಅದೂ 'ಆರಂಭದ ಪ್ರಭಾವ' ಅನ್ನೋ ವಿಭಾಗದಲ್ಲಿ.

ಹೋದ ಸಲ ಊರಿಗೆ ಹೋದಾಗ ಆ ಮ್ಯಾಂಚೆಸ್ಟರ್ ವಿಡಿಯೊವನ್ನು ಫೋನಲ್ಲಿ ದೊಡ್ಡಮ್ಮನಿಗೆ ತೋರಿಸಿದೆ. ಇಂಗ್ಲಿಷ್ ಒಂದಕ್ಷರ ಬರಲ್ಲ ಆಕೆಗೆ. ಗಿಟಾರ್ ಬಾರಿಸೋ ಕಡೆ ತೊಡೆ ಮೇಲೆ ತಾಳ ಹಾಕಿದಳು, ಎರಡನೇ ಸಲ ಹಾಕಿಸಿಕೊಂಡಳು. ಇದು ಎಂಥ ಹಾಡು ಅಂದಳು. ಮಳೆ ಹಾಡು, ದೇವರ ಹಾಡು ಅಂದೆ. ಸ್ವಲ್ಪ ಹೊತ್ತು ಸ್ಕ್ರೀನನ್ನೇ ನೋಡಿದಳು.

'ಈಕಿ ಹಾಡಿದ ಮ್ಯಾಲೆ ಮಳಿ ಬಂತೇನು?'

ಇಲ್ಲ ದೊಡ್ಡಮ್ಮ, ಮಳೆ ಬಂದ ಮೇಲೆ ಹಾಡಿದ್ದು ಅಂದೆ.

'ಹೌದಾ,' ಅಂದು ಫೋನ್ ವಾಪಸ್ ಕೊಟ್ಟಳು. 'ನಮಗೆ ಮೊದಲೇ ಹಾಡಬೇಕು.'