ನೆಕ್ರೊಮ್ಯಾನ್ಸರ್ (ಡಯಾಬ್ಲೊ ೨)

ನೆಕ್ರೊಮ್ಯಾನ್ಸರ್ ಎಂಬುದು ‘ಡಯಾಬ್ಲೊ ೨’ ಎಂಬ ಕಂಪ್ಯೂಟರ್ ಆಟದಲ್ಲಿ ಆಟಗಾರರು ಆರಿಸಿಕೊಳ್ಳಬಹುದಾದ ಪಾತ್ರಗಳಲ್ಲಿ ಒಂದು. ಸತ್ತ ಶತ್ರುಗಳ ಶವಗಳಿಂದ ಅಸ್ಥಿಪಂಜರದ ಯೋಧರನ್ನು ಎಬ್ಬಿಸಿ ಅವರ ಮೂಲಕ ಕಾದಾಡುವುದು, ಎದುರಾಳಿಗಳಿಗೆ ಶಾಪ ಕೊಡುವುದು, ಎಲುಬು ಮತ್ತು ವಿಷವನ್ನು ಅಸ್ತ್ರವಾಗಿ ಬಳಸುವುದು ಈ ಮಾಂತ್ರಿಕನ ಲಕ್ಷಣಗಳು. ಸೈನ್ಯದ ಹಿಂದೆ ನಿಂತು ಆಡಬಹುದಾದ್ದರಿಂದ ಹೊಸಬರಿಗೆ ಇದು ಸುರಕ್ಷಿತ ಪಾತ್ರವೆಂದು ಹೆಸರಾಗಿದೆ. ಆದರೆ ಅವನ ಸೈನ್ಯಕ್ಕೆ ಶವಗಳು ಬೇಕು, ಶವಗಳು ದೊರೆಯಲು ಯಾರಾದರೂ ಮೊದಲು ಶತ್ರುವನ್ನು ಕೊಲ್ಲಬೇಕು. ಈ ತೊಡಕನ್ನು ಅರಿಯದ ಆಟಗಾರರು ಬಲಿಷ್ಠ ಸೈನ್ಯವಿದ್ದೂ ನಡುದಾರಿಯಲ್ಲಿ ಸೋಲುತ್ತಾರೆ.

ಪದದ ಮೂಲ

ಗ್ರೀಕ್ ಭಾಷೆಯಲ್ಲಿ ‘ನೆಕ್ರೋಸ್’ ಎಂದರೆ ಮೃತ, ‘ಮಾಂಟೀಯಾ’ ಎಂದರೆ ಭವಿಷ್ಯ ನುಡಿಯುವುದು. ಹೀಗೆ ಈ ಪದದ ಮೂಲಾರ್ಥ ಸತ್ತವರನ್ನು ಕರೆದು ಅವರಿಂದ ಮುಂದಾಗುವುದನ್ನು ಕೇಳಿ ತಿಳಿಯುವ ವಿದ್ಯೆ. ಹೋಮರನ ‘ಒಡಿಸ್ಸಿ’ಯ ಹನ್ನೊಂದನೆಯ ಸರ್ಗದಲ್ಲಿ ಒಡಿಸ್ಯೂಸನು ಮೃತರ ನೆರಳುಗಳನ್ನು ಕರೆದು ಮಾತನಾಡುತ್ತಾನೆ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಸೌಲ ರಾಜನು ಎಂದೋರಿನ ಸ್ತ್ರೀಯೊಬ್ಬಳ ಮೂಲಕ ಮೃತ ಪ್ರವಾದಿ ಸಮುವೇಲನನ್ನು ಕರೆಸುತ್ತಾನೆ. ಶವವನ್ನು ಎಬ್ಬಿಸಿ ದುಡಿಸಿಕೊಳ್ಳುವ ಮಾಂತ್ರಿಕನೆಂಬ ಇಂದಿನ ಅರ್ಥವನ್ನು ಬೆಳೆಸಿದ್ದರಲ್ಲಿ ಆಧುನಿಕ ಅದ್ಭುತ ಸಾಹಿತ್ಯ ಮತ್ತು ಆಟಗಳ ಪಾಲು ದೊಡ್ಡದು.

ಆಟದ ಹಿನ್ನೆಲೆ

‘ಡಯಾಬ್ಲೊ ೨’ ಆಟವನ್ನು ಅಮೆರಿಕದ ಕ್ಯಾಲಿಫೋರ್ನಿಯಾದ ಬ್ಲಿಝಾರ್ಡ್ ನಾರ್ತ್ ಸಂಸ್ಥೆ ರೂಪಿಸಿತು. ಅದು ೨೦೦೦ರ ಜೂನ್ ತಿಂಗಳಿನಲ್ಲಿ ಬಿಡುಗಡೆಯಾಯಿತು. ಆಗ ಅಮೆಝಾನ್, ಬಾರ್ಬೇರಿಯನ್, ಪ್ಯಾಲಡಿನ್, ಸಾರ್ಸರೆಸ್ ಮತ್ತು ನೆಕ್ರೊಮ್ಯಾನ್ಸರ್ ಎಂಬ ಐದು ಪಾತ್ರಗಳಿದ್ದವು. ೨೦೦೧ರಲ್ಲಿ ಬಂದ ‘ಲಾರ್ಡ್ ಆಫ್ ಡಿಸ್ಟ್ರಕ್ಷನ್’ ಎಂಬ ವಿಸ್ತರಣೆಯಲ್ಲಿ ಅಸಾಸಿನ್ ಮತ್ತು ಡ್ರೂಯಿಡ್ ಸೇರಿದವು. ಆಟವನ್ನು ಒಬ್ಬರೇ ಆಡಬಹುದು. ಬ್ಯಾಟಲ್.ನೆಟ್ ಎಂಬ ಅಂತರಜಾಲ ಸೇವೆಯ ಮೂಲಕ ಒಂದೇ ಆಟದಲ್ಲಿ ಎಂಟು ಜನರವರೆಗೆ ಕೂಡಿಯೂ ಆಡಬಹುದು. ಚಿತ್ರಗಳನ್ನು ಹೊಸದಾಗಿಸಿದ ‘ಡಯಾಬ್ಲೊ ೨: ರಿಸರೆಕ್ಟೆಡ್’ ಎಂಬ ಆವೃತ್ತಿ ೨೦೨೧ರ ಸೆಪ್ಟೆಂಬರಿನಲ್ಲಿ ಹೊರಬಂದಿತು.

ಆಟದ ಕಥೆಯಂತೆ ನೆಕ್ರೊಮ್ಯಾನ್ಸರರು ರಾಥ್ಮಾ ಎಂಬಾತನ ಅನುಯಾಯಿಗಳಾದ ಅರ್ಚಕರು. ಪೂರ್ವದೇಶದ ದಟ್ಟ ಕಾಡುಗಳಲ್ಲಿ ವಾಸಿಸುವವರು. ಬೆಳಕು ಮತ್ತು ಕತ್ತಲೆಗಳ ನಡುವಿನ ಸಮತೋಲವನ್ನು ಕಾಯುವುದು ಅವರ ವ್ರತ. ಆದ್ದರಿಂದ ನೋಟಕ್ಕೆ ಭಯಂಕರನಾಗಿದ್ದರೂ ಈ ಆಟದಲ್ಲಿ ಅವನು ದುಷ್ಟನಲ್ಲ.

ಕೌಶಲಗಳು

ಈ ಪಾತ್ರಕ್ಕೆ ಒಟ್ಟು ೩೦ ಕೌಶಲಗಳಿದ್ದು, ಅವು ಮೂರು ಶಾಖೆಗಳಲ್ಲಿ ಹಂಚಿಹೋಗಿವೆ. ಪಾತ್ರವು ೧, ೬, ೧೨, ೧೮, ೨೪ ಮತ್ತು ೩೦ನೆಯ ಹಂತಗಳನ್ನು ಮುಟ್ಟಿದಾಗ ಹೊಸ ಕೌಶಲಗಳು ತೆರೆದುಕೊಳ್ಳುತ್ತವೆ.

ಆವಾಹನೆಯ ಶಾಖೆ: ‘ರೈಸ್ ಸ್ಕೆಲಿಟನ್’ ಶವವೊಂದರಿಂದ ಅಸ್ಥಿಪಂಜರದ ಯೋಧನನ್ನು ಎಬ್ಬಿಸುತ್ತದೆ. ‘ಸ್ಕೆಲಿಟನ್ ಮಾಸ್ಟರಿ’ ಆ ಯೋಧರ ಬಲವನ್ನೂ ಆಯುಷ್ಯವನ್ನೂ ಹೆಚ್ಚಿಸುತ್ತದೆ. ‘ಕ್ಲೇ ಗೋಲೆಮ್’ ಮಣ್ಣಿನ ದೈತ್ಯನನ್ನು ನಿರ್ಮಿಸುತ್ತದೆ. ಇದಕ್ಕೆ ಶವ ಬೇಕಿಲ್ಲ, ಮಾಂತ್ರಿಕ ಶಕ್ತಿಯಾದ ಮಾನಾ ಇದ್ದರೆ ಸಾಕು. ೩೦ನೆಯ ಹಂತದ ‘ರಿವೈವ್’ ಸತ್ತ ಶತ್ರುವನ್ನು ಅವನ ಮೊದಲಿನ ರೂಪದಲ್ಲಿಯೇ ಎಬ್ಬಿಸುತ್ತದೆ. ಆದರೆ ಹಾಗೆ ಎದ್ದವನು ಮೂರು ನಿಮಿಷ ಮಾತ್ರ ಉಳಿಯುತ್ತಾನೆ.

ವಿಷ ಮತ್ತು ಎಲುಬಿನ ಶಾಖೆ: ‘ಬೋನ್ ಸ್ಪಿಯರ್’, ‘ಬೋನ್ ಸ್ಪಿರಿಟ್’, ‘ಪಾಯ್ಸನ್ ನೋವಾ’ ಮೊದಲಾದ ನೇರ ಅಸ್ತ್ರಗಳು ಇಲ್ಲಿವೆ. ೬ನೆಯ ಹಂತದಲ್ಲಿ ದೊರೆಯುವ ‘ಕಾರ್ಪ್ಸ್ ಎಕ್ಸ್‌ಪ್ಲೋಷನ್’ ಶವವನ್ನು ಸಿಡಿಸಿ ಸುತ್ತಲಿನವರನ್ನು ಗಾಯಗೊಳಿಸುತ್ತದೆ. ಸತ್ತವನಿಗೆ ಇದ್ದ ಜೀವಬಲವನ್ನು ಅನುಸರಿಸಿ ಸಿಡಿತದ ಪೆಟ್ಟು ನಿರ್ಧಾರವಾಗುವುದರಿಂದ, ಶತ್ರುಗಳು ಬಲಿತಷ್ಟೂ ಈ ಕೌಶಲವೂ ತಾನಾಗಿಯೇ ಬಲಿಯುತ್ತದೆ. ಪೆಟ್ಟಿನ ಅರ್ಧ ಭಾಗ ದೈಹಿಕ, ಇನ್ನರ್ಧ ಬೆಂಕಿ.

ಶಾಪಗಳ ಶಾಖೆ: ‘ಆಂಪ್ಲಿಫೈ ಡ್ಯಾಮೇಜ್’ ಶತ್ರುವಿನ ದೈಹಿಕ ತಡೆಶಕ್ತಿಯನ್ನು ಶೇಕಡ ೧೦೦ರಷ್ಟು ಇಳಿಸುತ್ತದೆ; ವಿಶೇಷ ತಡೆಶಕ್ತಿ ಇಲ್ಲದ ಶತ್ರುವಿಗೆ ಇದರಿಂದ ಪೆಟ್ಟು ಇಮ್ಮಡಿಯಾಗುತ್ತದೆ. ‘ಡಿಮ್ ವಿಷನ್’ ಶತ್ರುವಿನ ಕಣ್ಣು ಮಂಕಾಗಿಸುತ್ತದೆ. ‘ವೀಕನ್’ ಅವನ ಹೊಡೆತವನ್ನು ತಗ್ಗಿಸುತ್ತದೆ. ‘ಡಿಕ್ರೆಪಿಫೈ’ ಅವನನ್ನು ಮುದುಕನಂತೆ ನಿಧಾನವಾಗಿಸುತ್ತದೆ. ಸಾಮಾನ್ಯವಾಗಿ ಒಬ್ಬ ಶತ್ರುವಿನ ಮೇಲೆ ಒಮ್ಮೆಗೆ ಒಂದೇ ಶಾಪ ನಿಲ್ಲುತ್ತದೆ. ಹೊಸತು ಬಂದರೆ ಹಳೆಯದು ಹೋಗುತ್ತದೆ.

ಆರಂಭದ ಆಟ

ಹೊಸ ನೆಕ್ರೊಮ್ಯಾನ್ಸರನ ಕೈಯಲ್ಲಿರುವ ಮಂತ್ರದಂಡವು ‘ರೈಸ್ ಸ್ಕೆಲಿಟನ್’ ಕೌಶಲದ ಒಂದು ಮಟ್ಟವನ್ನು ಕೊಟ್ಟಿರುತ್ತದೆ. ಆದ್ದರಿಂದ ಮೊದಲ ಶತ್ರುವನ್ನು ಅವನು ದಂಡದಿಂದಲೇ ಬಡಿದು ಕೊಲ್ಲಬೇಕು. ಅದರ ಶವದಿಂದ ಮೊದಲ ಯೋಧನನ್ನು ಎಬ್ಬಿಸಬೇಕು. ಇದು ಒಮ್ಮೆ ಮಾತ್ರ ಮಾಡುವ ಕೆಲಸವಲ್ಲ. ಆಟದಿಂದ ಹೊರಬಂದಾಗ ಅಸ್ಥಿಪಂಜರಗಳೆಲ್ಲ ಅಳಿದುಹೋಗುತ್ತವೆ. ಮರುದಿನ ಆಡಲು ಕುಳಿತಾಗ ಎಷ್ಟು ಬೆಳೆದ ಪಾತ್ರವಾದರೂ ಮತ್ತೆ ಮೊದಲ ಶವವನ್ನು ಹುಡುಕಬೇಕು. ಮಣ್ಣಿನ ದೈತ್ಯನೂ ಹಣ ಕೊಟ್ಟು ಜೊತೆಗಿಟ್ಟುಕೊಂಡ ಬಾಡಿಗೆ ಯೋಧನೂ ಮುಖ್ಯರಾಗುವುದು ಇಲ್ಲಿಯೇ: ಆ ಮೊದಲ ಶವವನ್ನು ಗಳಿಸಿಕೊಡುವವರು ಅವರು. ಮೊದಲ ಅಂಕದಲ್ಲಿ ‘ಬ್ಲಡ್ ರೇವನ್’ ಎಂಬ ಶತ್ರುವನ್ನು ಸೋಲಿಸಿದರೆ ಬಿಲ್ಲು ಹಿಡಿದ ಸಹಾಯಕಿಯೊಬ್ಬಳು ಉಚಿತವಾಗಿ ಜೊತೆಯಾಗುತ್ತಾಳೆ.

ಮೊದಲ ಅಂಕದ ‘ಫಾಲನ್’ ಎಂಬ ಕುಳ್ಳ ಪಿಶಾಚಿಗಳ ಗುಂಪು ಈ ಪಾತ್ರದ ಪಾಠಶಾಲೆಯಂತಿದೆ. ಅವುಗಳ ಜೊತೆಗಿರುವ ಶಾಮನ್ ಎಂಬ ಮಂತ್ರವಾದಿಯೂ ಸತ್ತ ಫಾಲನ್‌ಗಳನ್ನು ಮತ್ತೆ ಬದುಕಿಸುತ್ತಾನೆ. ಅಲ್ಲಿ ಶವವು ಎರಡೂ ಪಕ್ಷಗಳ ಬಂಡವಾಳ. ಆಟಗಾರ ಅದನ್ನು ಬೇಗ ಯೋಧನನ್ನಾಗಿಸಿದರೆ ತನ್ನ ಬಲ ಹೆಚ್ಚುವುದರ ಜೊತೆಗೆ ಶತ್ರುವಿನ ಬಲವೂ ಅಷ್ಟೇ ಕುಗ್ಗುತ್ತದೆ.

ಪಾಯಿಂಟ್‌ಗಳ ಹಂಚಿಕೆ

ಪ್ರತಿ ಹಂತಕ್ಕೆ ಒಂದು ಕೌಶಲ ಪಾಯಿಂಟ್ ಮತ್ತು ಐದು ಗುಣ ಪಾಯಿಂಟ್‌ಗಳು ದೊರೆಯುತ್ತವೆ. ಆರಂಭದಲ್ಲಿ ದೇಹಬಲ ೧೫, ಚುರುಕುತನ ೨೫, ಜೀವಶಕ್ತಿ ೧೫ ಮತ್ತು ಮಾನಸಿಕ ಶಕ್ತಿ ೨೫ ಇರುತ್ತವೆ. ಮಾಂತ್ರಿಕನೆಂಬ ಕಾರಣಕ್ಕೆ ಮಾನಸಿಕ ಶಕ್ತಿಗೆ ಹೆಚ್ಚು ಸುರಿಯುವುದು ಹೊಸಬರ ಸಾಮಾನ್ಯ ತಪ್ಪು. ಮಾನಾ ತೀರಿದರೆ ಔಷಧದ ಸೀಸೆ ಕುಡಿದು ತುಂಬಿಕೊಳ್ಳಬಹುದು; ಒಂದೇ ಪೆಟ್ಟಿಗೆ ಪ್ರಾಣ ಹೋದರೆ ಸೀಸೆ ತೆಗೆಯಲು ಸಮಯವಿರುವುದಿಲ್ಲ. ಆದ್ದರಿಂದ ಬೇಕಾದ ಕವಚ ತೊಡಲು ಸಾಕಾಗುವಷ್ಟು ದೇಹಬಲವನ್ನು ಇಟ್ಟುಕೊಂಡು, ಉಳಿದುದನ್ನು ಜೀವಶಕ್ತಿಗೆ ಹಾಕುವುದು ರೂಢಿ.

ಕೌಶಲಗಳಲ್ಲಿಯೂ ಎಲ್ಲದರ ರುಚಿ ನೋಡುವ ಆಸೆ ಅಪಾಯಕಾರಿ. ಒಂದು ಕೌಶಲಕ್ಕೆ ೨೦ ಪಾಯಿಂಟ್‌ಗಳವರೆಗೆ ಹಾಕಬಹುದು. ‘ರೈಸ್ ಸ್ಕೆಲಿಟನ್’ನ ಮೊದಲ ಮೂರು ಮಟ್ಟಗಳಲ್ಲಿ ಮಟ್ಟಕ್ಕೊಬ್ಬ ಯೋಧ ಹೆಚ್ಚುತ್ತಾನೆ. ಅನಂತರ ಮೂರು ಮಟ್ಟಗಳಿಗೊಬ್ಬನಂತೆ ಹೆಚ್ಚಿ, ೨೦ನೆಯ ಮಟ್ಟದಲ್ಲಿ ಎಂಟು ಯೋಧರಾಗುತ್ತಾರೆ. ಈ ಕೌಶಲವನ್ನೂ ‘ಸ್ಕೆಲಿಟನ್ ಮಾಸ್ಟರಿ’ಯನ್ನೂ ಜೊತೆಯಾಗಿ ಬೆಳೆಸಿ, ‘ಆಂಪ್ಲಿಫೈ ಡ್ಯಾಮೇಜ್’, ‘ಕ್ಲೇ ಗೋಲೆಮ್’, ‘ಕಾರ್ಪ್ಸ್ ಎಕ್ಸ್‌ಪ್ಲೋಷನ್’ಗಳಿಗೆ ಆರಂಭದಲ್ಲಿ ಒಂದೊಂದು ಪಾಯಿಂಟ್ ಕೊಡುವುದು ಹೊಸಬರಿಗೆ ಹೊಂದುವ ಕ್ರಮ.

ಹಿಂದೆ ಈ ಆಯ್ಕೆಗೆ ಬಹಳ ತೂಕವಿತ್ತು. ಒಮ್ಮೆ ಹಾಕಿದ ಪಾಯಿಂಟನ್ನು ಹಿಂತೆಗೆಯಲು ದಾರಿಯೇ ಇರಲಿಲ್ಲ. ಹಂಚಿಕೆ ತಪ್ಪಾಗಿದೆಯೆಂದು ಮೂರನೆಯ ಕಠಿಣತೆಯಾದ ‘ಹೆಲ್’ನಲ್ಲಿ ತಿಳಿದರೆ, ತಿಂಗಳುಗಟ್ಟಲೆ ಬೆಳೆಸಿದ ಪಾತ್ರವನ್ನು ಬಿಟ್ಟು ಮೊದಲಿನಿಂದ ಆರಂಭಿಸಬೇಕಾಗಿತ್ತು. ೨೦೧೦ರ ಪರಿಷ್ಕರಣೆಯ ಬಳಿಕ, ‘ಡೆನ್ ಆಫ್ ಈವಿಲ್’ ಎಂಬ ಮೊದಲ ಕಾರ್ಯವನ್ನು ಮುಗಿಸಿದವರಿಗೆ ಅಕಾರಾ ಎಂಬ ಪಾತ್ರವು ಪ್ರತಿ ಕಠಿಣತೆಯಲ್ಲಿ ಒಮ್ಮೆ ಎಲ್ಲ ಪಾಯಿಂಟ್‌ಗಳನ್ನು ಮರಳಿಸುತ್ತದೆ. ಹೊಸಬರು ಈ ಮೂರು ಅವಕಾಶಗಳನ್ನು ಆತುರದಲ್ಲಿ ಕಳೆಯದೆ ಉಳಿಸಿಕೊಳ್ಳುವುದು ಲೇಸು.

ಕಾದಾಟದ ಕ್ರಮ

ನೆಕ್ರೊಮ್ಯಾನ್ಸರನ ಕಾಳಗಕ್ಕೆ ಒಂದು ಸರಳ ಕ್ರಮವಿದೆ. ಸೈನ್ಯವನ್ನು ಮುಂದೆ ಬಿಡುವುದು, ಶತ್ರುಗಳ ಮೇಲೆ ‘ಆಂಪ್ಲಿಫೈ ಡ್ಯಾಮೇಜ್’ ಹಾಕುವುದು, ಮೊದಲ ಶತ್ರು ಬಿದ್ದೊಡನೆ ಆ ಶವವನ್ನು ಸಿಡಿಸುವುದು. ಶಾಪದಿಂದ ಸಿಡಿತದ ದೈಹಿಕ ಭಾಗವೂ ಹೆಚ್ಚುವುದರಿಂದ ಒಂದು ಶವ ಇನ್ನೆರಡನ್ನು ಬೀಳಿಸುತ್ತದೆ, ಆ ಎರಡು ಇಡೀ ಗುಂಪನ್ನು ಮುಗಿಸುತ್ತವೆ.

ಆದರೆ ಸಿಡಿದ ಶವ ಮತ್ತೆ ಸಿಗದು. ಒಂದು ಶವದಿಂದ ಯೋಧನನ್ನು ಎಬ್ಬಿಸಬಹುದು ಅಥವಾ ಅದನ್ನು ಸಿಡಿಸಬಹುದು, ಎರಡೂ ಆಗದು. ಸೈನ್ಯ ಪೂರ್ಣವಾಗಿದ್ದಾಗ ಸಿಡಿಸುವುದು, ಕುಗ್ಗಿದಾಗ ಎಬ್ಬಿಸುವುದು, ಜಾಗ ಬಿಡುವ ಮುನ್ನ ಕೊನೆಯ ಶವಗಳಿಂದ ಸೈನ್ಯವನ್ನು ತುಂಬಿಕೊಳ್ಳುವುದು ಉತ್ತಮ ಅಭ್ಯಾಸ.

ಇದರ ಪರೀಕ್ಷೆ ಎರಡನೆಯ ಅಂಕದ ಕೊನೆಯಲ್ಲಿ ನಡೆಯುತ್ತದೆ. ಅಲ್ಲಿನ ಡುರಿಯೆಲ್ ಎಂಬ ರಾಕ್ಷಸನ ಗುಹೆ ಇಕ್ಕಟ್ಟಾದುದು. ಬೇರೆ ಶತ್ರುಗಳಿಲ್ಲದ ಕಾರಣ ಅಲ್ಲಿ ಒಂದು ಶವವೂ ದೊರೆಯದು. ಬಿದ್ದ ಯೋಧನ ಜಾಗಕ್ಕೆ ಮತ್ತೊಬ್ಬ ಬರುವುದಿಲ್ಲ. ಅದುವರೆಗೆ ಸೈನ್ಯವೊಂದನ್ನೇ ನಂಬಿ ಬಂದವರು ಇಲ್ಲಿ ಕ್ಷಣಗಳಲ್ಲಿ ಒಂಟಿಯಾಗುತ್ತಾರೆ. ಶವ ಬೇಡದ ಮಣ್ಣಿನ ದೈತ್ಯನೇ ಇಲ್ಲಿ ಆಸರೆ. ಅವನ ಹೊಡೆತ ಡುರಿಯೆಲ್‌ನನ್ನು ನಿಧಾನಗೊಳಿಸುತ್ತದೆ, ಅವನು ಬಿದ್ದರೆ ಮತ್ತೆ ಮತ್ತೆ ನಿರ್ಮಿಸಬಹುದು. ಗುಹೆಗೆ ಇಳಿಯುವ ಮುನ್ನ ಮಾನಾ ಸೀಸೆಗಳನ್ನೂ, ಡುರಿಯೆಲ್ ಹರಡುವ ಶೀತವನ್ನು ಕಳೆಯುವ ‘ಥಾಯಿಂಗ್’ ಔಷಧವನ್ನೂ ತುಂಬಿಕೊಳ್ಳಬೇಕು.

ತಂಡದಲ್ಲಿ ಆಡುವಾಗ

ಅಂತರಜಾಲದಲ್ಲಿ ಕೂಡಿ ಆಡುವಾಗ ಶವಗಳಿಗೆ ಬೇರೆ ಹಕ್ಕುದಾರರೂ ಇರುತ್ತಾರೆ. ಬಾರ್ಬೇರಿಯನ್ ‘ಫೈಂಡ್ ಐಟಂ’ ಕೌಶಲದಿಂದ ಶವದಲ್ಲಿ ವಸ್ತುಗಳನ್ನು ಹುಡುಕುತ್ತಾನೆ. ಪ್ಯಾಲಡಿನ್ ‘ರಿಡೆಂಪ್ಷನ್’ ಪ್ರಭೆಯಿಂದ ಶವಗಳನ್ನು ಕರಗಿಸಿ ತನ್ನ ಜೀವಬಲವನ್ನೂ ಮಾನಾವನ್ನೂ ತುಂಬಿಕೊಳ್ಳುತ್ತಾನೆ. ಸಾರ್ಸರೆಸ್ ಹಿಮದ ಮಂತ್ರದಿಂದ ಕೊಂದ ಶತ್ರು ಚೂರುಚೂರಾಗಿ ಶವವೇ ಉಳಿಯದಿರಬಹುದು. ಇಬ್ಬರು ನೆಕ್ರೊಮ್ಯಾನ್ಸರರಿದ್ದರೆ ಒಬ್ಬನ ಶಾಪ ಇನ್ನೊಬ್ಬನದನ್ನು ಅಳಿಸುತ್ತದೆ. ಆಟದ ಆರಂಭದಲ್ಲಿಯೇ ಯಾರು ಯಾವ ಶಾಪ ಹಾಕಬೇಕು, ಶವಗಳು ಯಾರ ಪಾಲು ಎಂದು ಮಾತನಾಡಿಕೊಂಡರೆ ಜಗಳಕ್ಕೆ ಎಡೆಯಿರುವುದಿಲ್ಲ.

ಸಾವು ಮತ್ತು ಅದರ ಬೆಲೆ

ಪಾತ್ರವು ಸತ್ತರೆ ಅದರ ತೊಡುಗೆಗಳು ಶವದೊಡನೆ ಅಲ್ಲಿಯೇ ಉಳಿಯುತ್ತವೆ, ಸೈನ್ಯವೂ ಕುಸಿಯುತ್ತದೆ. ‘ನೈಟ್‌ಮೇರ್’ ಮತ್ತು ‘ಹೆಲ್’ ಕಠಿಣತೆಗಳಲ್ಲಿ ಗಳಿಸಿದ ಅನುಭವದ ಪಾಯಿಂಟ್‌ಗಳೂ ನಷ್ಟವಾಗುತ್ತವೆ. ಬರಿಗೈಯಲ್ಲಿ ಅದೇ ಶತ್ರುಗಳ ನಡುವೆ ಓಡುವ ಬದಲು ಆಟದಿಂದ ಹೊರಬಂದು ಮತ್ತೆ ಪ್ರವೇಶಿಸಿದರೆ ತೊಡುಗೆಗಳಿರುವ ಶವ ಊರಿನಲ್ಲಿಯೇ ಕಾಣಿಸುತ್ತದೆ. ‘ಹಾರ್ಡ್‌ಕೋರ್’ ಎಂಬ ಕ್ರಮದಲ್ಲಿ ಮಾತ್ರ ಸತ್ತ ಪಾತ್ರ ಮತ್ತೆ ಆಟಕ್ಕೆ ಬರುವುದಿಲ್ಲ. ಪರರ ಶವಗಳನ್ನೆಲ್ಲ ಎಬ್ಬಿಸುವ ನೆಕ್ರೊಮ್ಯಾನ್ಸರನಿಗೂ ತನ್ನ ಶವವನ್ನು ಎಬ್ಬಿಸಿಕೊಳ್ಳುವ ವಿದ್ಯೆ ಇಲ್ಲ. ಆದ್ದರಿಂದ ಸೈನ್ಯ ಕರಗುತ್ತಿರುವುದನ್ನು ಗಮನಿಸಿ, ಊರಿಗೆ ಮರಳುವ ‘ಟೌನ್ ಪೋರ್ಟಲ್’ ಸುರುಳಿಯನ್ನು ಸಕಾಲದಲ್ಲಿ ಬಳಸುವುದನ್ನು ಹೊಸಬರು ಮೊದಲು ರೂಢಿಸಿಕೊಳ್ಳಬೇಕು.

ನಂತರದ ಆಟಗಳಲ್ಲಿ

ಸರಣಿಯ ಮೂರನೆಯ ಆಟಕ್ಕೆ ೨೦೧೭ರಲ್ಲಿ ‘ರೈಸ್ ಆಫ್ ದಿ ನೆಕ್ರೊಮ್ಯಾನ್ಸರ್’ ಎಂಬ ಸೇರ್ಪಡೆಯ ಮೂಲಕ ಈ ಪಾತ್ರ ಬಂದಿತು. ೨೦೨೩ರಲ್ಲಿ ಬಿಡುಗಡೆಯಾದ ‘ಡಯಾಬ್ಲೊ ೪’ರ ಮೊದಲ ಐದು ಪಾತ್ರಗಳಲ್ಲಿಯೂ ಇದು ಒಂದು. ‘ಎವರ್‌ಕ್ವೆಸ್ಟ್’, ‘ಗಿಲ್ಡ್ ವಾರ್ಸ್’, ‘ದಿ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್’ ಮುಂತಾದ ಅಂತರಜಾಲ ಆಟಗಳಲ್ಲಿಯೂ ಇದೇ ಹೆಸರಿನ ಪಾತ್ರಗಳಿವೆ. ಅವುಗಳ ಕೌಶಲಗಳೂ ನಿಯಮಗಳೂ ಬೇರೆ ಬೇರೆಯಾಗಿವೆ.