ದಂಡಿಯ ದಾರಿಯ ದಿನಚರಿ

ವರ್ತಕನಾದವನು ದಿನದ ಕೀರ್ದಿಯನ್ನು ಬರೆಯದೆ ಅಂಗಡಿಯ ಕದವಿಕ್ಕನು. ಮನಸ್ಸಿನ ಲೆಕ್ಕವನ್ನೂ ಹಾಗೆಯೇ ದಿನದಿನವೂ ಬರೆದಿಡಬೇಕೆಂಬ ನಿಯಮವು 1930ರಲ್ಲಿ ದಂಡಿಯಾತ್ರಿಕರಿಗಿದ್ದಿತು. ಪ್ರಾರ್ಥನೆ, ನೂಲುವಿಕೆ, ದಿನಚರಿಯ ಬರವಣಿಗೆ, ಈ ಮೂರನ್ನು ಯಾರೂ ಬಿಡುವಂತಿರಲಿಲ್ಲ. ಮಾರ್ಚ್ 12ರಂದು ಗಾಂಧೀಜಿಯವರೊಡನೆ ಸಾಬರಮತಿಯಿಂದ ಹೊರಟವರಲ್ಲಿ, ಶಿಗ್ಗಾಂವಿಯಂತೆಯೇ ಇಂದು ಹಾವೇರಿ ಜಿಲ್ಲೆಗೆ ಸೇರಿದ ಮೋಟೆಬೆನ್ನೂರಿನ ತರುಣ ಮೈಲಾರ ಮಹಾದೇವಪ್ಪನವರೂ ಒಬ್ಬರು. ಕರ್ನಾಟಕದಿಂದ ಹೋದವರು ಅವರೊಬ್ಬರೇ. ಏಪ್ರಿಲ್ 5ರವರೆಗೆ ಸುಮಾರು 240 ಮೈಲಿ ನಡೆದ ಕಾಲುಗಳು ದಣಿದಾಗಲೂ ಲೇಖನಿಯು ಮನಸ್ಸನ್ನು ವಿಚಾರಿಸಬೇಕಾಗಿದ್ದಿತು. ಸರಕಾರದ ಅನ್ಯಾಯವನ್ನು ಎದುರಿಸಹೊರಟವನು ತನ್ನ ತಪ್ಪನ್ನು ತಾನೇ ಬರೆದುಕೊಳ್ಳಲು ಅಳುಕಿದರೆ ಅವನ ಸತ್ಯಾಗ್ರಹಕ್ಕೆ ಬೆಲೆಯೇನು? 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೋಲೀಸರ ಗುಂಡಿಗೆ ಪ್ರಾಣವನ್ನರ್ಪಿಸಿದ ಮಹಾದೇವಪ್ಪನವರ ಧೈರ್ಯದ ಹಿಂದೆ ಇಂತಹ ನಿತ್ಯವ್ರತದ ಶಿಕ್ಷಣವಿದ್ದಿತು.