ಡೌನ್ ಸಿಂಡ್ರೋಮ್: ಸಮುದಾಯ ಜೀವನ ಮತ್ತು ಒಳಗೊಳ್ಳುವಿಕೆ

21ನೇ ವರ್ಣತಂತುವಿನ ಹೆಚ್ಚುವರಿ ಪ್ರತಿಯೊಂದಿಗೆ ಹುಟ್ಟುವ ಸ್ಥಿತಿ ಡೌನ್ ಸಿಂಡ್ರೋಮ್. ಕಲಿಕೆ ನಿಧಾನ, ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ದೋಷವೂ ಇರುತ್ತದೆ. ಅಮೆರಿಕದಲ್ಲಿ 1980ರ ದಶಕದ ಆರಂಭಕ್ಕೆ ಇವರ ಸರಾಸರಿ ಆಯುಷ್ಯ 25ರ ಆಸುಪಾಸಿನಲ್ಲಿತ್ತು. ಶೈಶವದಲ್ಲೇ ಹೃದಯ ಶಸ್ತ್ರಚಿಕಿತ್ಸೆ ಮಾಡುವ ರೂಢಿ ಬಂದ ಮೇಲೆ ಅದು 60ರ ಹತ್ತಿರ ಬಂದಿದೆ. ಹೀಗಾಗಿ ಶಾಲೆಯಷ್ಟೇ ಅಲ್ಲ, ದೊಡ್ಡವರಾದ ಮೇಲೆ ಎಲ್ಲಿ ಇರುತ್ತಾರೆ, ಏನು ಕೆಲಸ ಮಾಡುತ್ತಾರೆ, ತಂದೆತಾಯಿಯ ನಂತರ ಗತಿಯೇನು ಎಂಬುದೂ ಈಗ ಮುಖ್ಯ.

ನಾರ್ಮನ್ಸ್‌ಫೀಲ್ಡ್

1866ರಲ್ಲಿ ಈ ಸ್ಥಿತಿಯನ್ನು ವಿವರಿಸಿದ ಜಾನ್ ಲ್ಯಾಂಗ್ಡನ್ ಡೌನ್ ಇಂಗ್ಲೆಂಡಿನ ಅರ್ಲ್ಸ್‌ವುಡ್ ಆಶ್ರಮದ ವೈದ್ಯಾಧಿಕಾರಿ. ಈ ಸ್ಥಿತಿಯುಳ್ಳವರನ್ನು ಮಂಗೋಲ್ ಜನರಿಗೆ ಹೋಲಿಸಿದ ಅವರ ಜನಾಂಗೀಯ ವರ್ಗೀಕರಣವನ್ನು ಇಂದು ಯಾರೂ ಒಪ್ಪುವುದಿಲ್ಲ. ನಿತ್ಯದ ಆರೈಕೆಯಲ್ಲಿ ಮಾತ್ರ ಅವರು ಕಾಲಕ್ಕಿಂತ ಬಹಳ ಮುಂದಿದ್ದರು. ಆಶ್ರಮವಾಸಿಗಳ ಕೈಕೆಲಸವನ್ನು ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲಿ ಇಟ್ಟ ಖರ್ಚನ್ನು ಆಡಳಿತ ಮಂಡಳಿ ಕೊಡಲೊಪ್ಪದ ಜಗಳದಲ್ಲಿ ಅವರು ಹೊರಬಂದರು. 1868ರಲ್ಲಿ ಪತ್ನಿ ಮೇರಿಯೊಡನೆ ಟೆಡ್ಡಿಂಗ್ಟನ್‌ನಲ್ಲಿ ನಾರ್ಮನ್ಸ್‌ಫೀಲ್ಡ್ ಎಂಬ ಆರೈಕೆ ಸಂಸ್ಥೆಯನ್ನು ತೆರೆದರು. ದಿನದಿನದ ಆಡಳಿತ ಬಹುಪಾಲು ಮೇರಿಯದೇ.

ಅಲ್ಲಿನ ಅತ್ಯಂತ ಗಮನಾರ್ಹ ಕಟ್ಟಡ 1879ರ ರಂಗಮಂದಿರ. ಬಣ್ಣ ಬಳಿದ ಪರದೆಗಳು, ವೇದಿಕೆಯ ಸುತ್ತ ಚಿತ್ರಫಲಕಗಳು. ಕೆಲವು ಫಲಕಗಳು ಲಂಡನ್ನಿನ ಸವಾಯ್ ರಂಗಮಂದಿರದಿಂದ ಬಂದವೆಂದು ನಂಬಲಾಗಿದೆ. ಪ್ರಾರ್ಥನೆಯೂ ಅಲ್ಲೇ ನಡೆಯುತ್ತಿತ್ತು. ಸಂಗೀತ, ನಾಟಕಗಳನ್ನು ಡೌನ್ ಆರೈಕೆಯ ಭಾಗವೆಂದೇ ಎಣಿಸಿದ್ದರು. ಆದರೂ ಇದು ಶುಲ್ಕ ತೆರಬಲ್ಲ ಕುಟುಂಬಗಳ ಮಕ್ಕಳಿಗಿದ್ದ, ಊರಿನಿಂದ ಬೇರೆಯಾದ ಲೋಕ ಎಂಬುದನ್ನು ಮರೆಯಲಾಗದು. ಡೌನ್ ಅವರ ಮೊಮ್ಮಗನೊಬ್ಬ ಇದೇ ಸ್ಥಿತಿಯೊಂದಿಗೆ ಹುಟ್ಟಿದ.

1951ರಲ್ಲಿ ಸಂಸ್ಥೆ ಸರ್ಕಾರಿ ಆರೋಗ್ಯ ಸೇವೆಗೆ ಸೇರಿತು. 1976ರಲ್ಲಿ ಅಲ್ಲಿನ ದುಃಸ್ಥಿತಿಗೆ ರೋಸಿ ದಾದಿಯರು ಮುಷ್ಕರ ಹೂಡಿದರು. ತನಿಖಾ ವರದಿ 1978ರಲ್ಲಿ ಬಂತು. 1997ರಲ್ಲಿ ಆಸ್ಪತ್ರೆ ಮುಚ್ಚಿತು. ರಂಗಮಂದಿರ ಉಳಿದಿದೆ.

ಹೆಸರು

1959ರಲ್ಲಿ ಜೆರೋಮ್ ಲೆಜೂನ್ ಮತ್ತು ಸಹೋದ್ಯೋಗಿಗಳು ಹೆಚ್ಚುವರಿ ವರ್ಣತಂತುವಿನ ಶೋಧವನ್ನು ಪ್ರಕಟಿಸಿದರು. 1965ರಲ್ಲಿ ಮಂಗೋಲಿಯಾದ ಮನವಿಯಂತೆ ವಿಶ್ವ ಆರೋಗ್ಯ ಸಂಸ್ಥೆ ಮಂಗೋಲ್ ಹೋಲಿಕೆಯಿಂದ ಬಂದಿದ್ದ ಹಳೆಯ ಅವಹೇಳನಕಾರಿ ಹೆಸರನ್ನು ಕೈಬಿಟ್ಟಿತು.

ಭಾರತ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಪ್ರಕರಣ ಸಮುದಾಯದಲ್ಲಿ ಬದುಕುವ ಹಕ್ಕನ್ನು ಮಾನ್ಯ ಮಾಡುತ್ತದೆ. ಕಾಣುವ ಉದಾಹರಣೆ ಹುಬ್ಬಳ್ಳಿಯದು: 2017ರಲ್ಲಿ ಅಲ್ಲಿ ಆರಂಭವಾದ ಮಿಟ್ಟಿ ಕೆಫೆಯನ್ನು ನಾನಾ ಬಗೆಯ ಅಂಗವೈಕಲ್ಯ ಉಳ್ಳವರು ನಡೆಸುತ್ತಾರೆ, ಅವರಲ್ಲಿ ಡೌನ್ ಸಿಂಡ್ರೋಮ್ ಉಳ್ಳವರೂ ಇದ್ದಾರೆ. 2023ರಲ್ಲಿ ಸುಪ್ರೀಂ ಕೋರ್ಟ್ ಆವರಣದಲ್ಲೂ ಅದರ ಶಾಖೆ ತೆರೆಯಿತು. ನಾರ್ಮನ್ಸ್‌ಫೀಲ್ಡಿಗೂ ಇದಕ್ಕೂ ಇರುವ ಅಂತರ ದೊಡ್ಡದು: ಇಲ್ಲಿ ಚಹಾ ಕೇಳುವವರು ಗುರುತು ಪರಿಚಯವಿಲ್ಲದ ಗಿರಾಕಿಗಳು, ಕೊಡುವವರು ಸಂಬಳ ಪಡೆಯುವ ನೌಕರರು.

ಪೋಷಕತ್ವದ ಗಂಟು ಇನ್ನೂ ಬಿಗಿಯಾಗಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ, 18 ದಾಟಿದ ಮಗ ಅಥವಾ ಮಗಳಿಗೆ ಕಾನೂನುಬದ್ಧ ಪೋಷಕರಾಗಲು ತಂದೆತಾಯಿ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕುತ್ತಾರೆ. 2016ರ ಕಾಯ್ದೆಯ ಒಲವು ಸೀಮಿತ ಪೋಷಕತ್ವದ ಕಡೆಗೆ. ಅದರಂತೆ ಪೋಷಕರು ಮತ್ತು ಆ ವ್ಯಕ್ತಿ ಇಬ್ಬರೂ ಕೂಡಿಯೇ ತೀರ್ಮಾನಿಸಬೇಕು.